ಬಾರ್ನ್ ಟು ರನ್: ಎಲ್‌ಪಿ, ಸಿಡಿ, ಸ್ಟ್ರೀಮಿಂಗ್‌ನಲ್ಲಿ ನನ್ನ ಓಟು ಸಿಡಿಗೆ

ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ 1975ರ ‘ಬಾರ್ನ್ ಟು ರನ್’ ಆಲ್ಬಮ್ಮನ್ನು ನಾನು ಎಲ್‌ಪಿ (ಸೂಜಿ ಇಟ್ಟು ಕೇಳುವ ದೊಡ್ಡ ರೆಕಾರ್ಡು), ಸಿಡಿ, ಸ್ಟ್ರೀಮಿಂಗ್ ಮೂರರಲ್ಲೂ ಕೇಳಿದ್ದೇನೆ. ಹಾರ್ಟ್‌ಲ್ಯಾಂಡ್ ರಾಕ್, ಅಂದರೆ ಅಮೆರಿಕದ ದುಡಿಯುವ ಜನರ ಬದುಕು ಹಾಡುವ ರಾಕ್, ಈಗಷ್ಟೇ ಕೇಳಲು ಶುರು ಮಾಡಿದವರು ಯಾವುದು ಕೊಳ್ಳಲಿ ಎಂದರೆ ಕಣ್ಣುಮುಚ್ಚಿ ಸಿಡಿ ಎನ್ನುತ್ತೇನೆ. ಕಾರಣ ಕೊನೆಯ ಹಾಡು, ‘ಜಂಗಲ್‌ಲ್ಯಾಂಡ್’.

ಒಂಬತ್ತೂವರೆ ನಿಮಿಷದ ಹಾಡು. ಪಿಟೀಲಿನಿಂದ ಮೆಲ್ಲಗೆ ಶುರುವಾಗುತ್ತದೆ, ಪಿಯಾನೊ ಸೇರಿಕೊಳ್ಳುತ್ತದೆ, ಆಮೇಲೆ ಕ್ಲಾರೆನ್ಸ್ ಕ್ಲೆಮನ್ಸ್ ಅವರ ಸ್ಯಾಕ್ಸೊಫೋನ್ ಎದ್ದು ಬರುತ್ತದೆ. ಸ್ಯಾಕ್ಸೊಫೋನಿನ ಅದೊಂದು ಸೋಲೊ ರೆಕಾರ್ಡ್ ಮಾಡಲು 16 ಗಂಟೆ ಹಿಡಿದಿತ್ತು. ತಮಗೆ ಬೇಕಾದ ಹಾಗೆ ಬರುವ ತನಕ ಸ್ಪ್ರಿಂಗ್‌ಸ್ಟೀನ್ ಬಿಡಲಿಲ್ಲ.

ಎಲ್‌ಪಿ ಕೈಕೊಡುವುದು ಸರಿಯಾಗಿ ಇಲ್ಲೇ. ರೆಕಾರ್ಡು ತಿರುಗುವ ವೇಗ ಬದಲಾಗುವುದಿಲ್ಲ, ನಿಮಿಷಕ್ಕೆ 33⅓ ಸುತ್ತು. ಆದರೆ ಒಳಗೆ ಹೋದಷ್ಟೂ ಸುತ್ತು ಚಿಕ್ಕದಾಗುತ್ತದೆ. ಅಷ್ಟೇ ಹೊತ್ತಿನ ಸಂಗೀತ ಗಿಡ್ಡ ಗೆರೆಯಲ್ಲಿ ಇಕ್ಕಟ್ಟಾಗಿ ಕೂರಬೇಕು, ಸಾಧಾರಣ ಸೂಜಿಗೆ ಆ ಸಣ್ಣ ಅಂಕುಡೊಂಕು ಸಿಗುವುದಿಲ್ಲ. ‘ಜಂಗಲ್‌ಲ್ಯಾಂಡ್’ ಇರುವುದು ಎರಡನೇ ಸೈಡಿನ ಕೊನೆಗೆ, ಲೇಬಲ್ಲಿನ ಪಕ್ಕದಲ್ಲಿ. ನನ್ನ ಪ್ಲೇಯರ್‌ನಲ್ಲಿ ಸ್ಯಾಕ್ಸೊಫೋನಿನ ಮೇಲಿನ ಸ್ವರಗಳು ಒಡೆಯುತ್ತವೆ.

ಸೂಜಿ ಒರೆಸಿದೆ. ಸೂಜಿ ರೆಕಾರ್ಡಿನ ಮೇಲೆ ಒತ್ತುವ ತೂಕ ಸರಿಮಾಡಿದೆ. ಸೂಜಿ ಕೂತಿರುವ ಕಾರ್ಟ್ರಿಡ್ಜ್ ಬಿಚ್ಚಿ ಕೋನ ಮತ್ತೆ ಹೊಂದಿಸಿದೆ. ಸ್ವಲ್ಪ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಇನ್ನೂ ಸಪೂರ ತುದಿಯ ಸೂಜಿ ಹಾಕಿದರೆ ಸರಿಹೋಗಬಹುದು, ಆದರೆ ಅದರ ಬೆಲೆಗೆ ನನ್ನ ಪ್ಲೇಯರ್ ಥರದ್ದೇ ಇನ್ನೊಂದು ಬರುತ್ತದೆ! ಅದೇ ಸೈಡಿನ ಮೊದಲನೆಯದಾದ ಟೈಟಲ್ ಹಾಡು ಹೊರಸುತ್ತಿನಲ್ಲಿ ಭರ್ಜರಿಯಾಗಿ ಕೇಳಿಸುತ್ತದೆ. ಅದಕ್ಕೇ ಜಾಸ್ತಿ ಹೊಟ್ಟೆ ಉರಿಯುವುದು.

ಸಿಡಿಯಲ್ಲಿ ಈ ರಗಳೆಯೇ ಇಲ್ಲ. ಮೊದಲ ಹಾಡು ಎಷ್ಟು ಸ್ವಚ್ಛವೋ ಕೊನೆಯದೂ ಅಷ್ಟೇ. ಸೌಂಡ್ ಎಂಜಿನಿಯರ್ ಬಾಬ್ ಲಡ್ವಿಗ್ ಮಾಡಿದ 2014ರ ರೀಮಾಸ್ಟರ್ (ಹಳೆಯ ಧ್ವನಿಮುದ್ರಣವನ್ನು ಮತ್ತೆ ತಿದ್ದಿ ತಂದ ಆವೃತ್ತಿ) ಸಿಕ್ಕರೆ ಬಿಡಬೇಡಿ.

ಸ್ಟ್ರೀಮಿಂಗ್ ಪರಿಚಯಕ್ಕೆ ಸಾಕು, ಬಸ್ಸಿನಲ್ಲಿ ನಾನೂ ಅದನ್ನೇ ಕೇಳುತ್ತೇನೆ. ಹಾಡುಗಳ ಕ್ರಮ ಕಲಸುವ ಶಫಲ್ ಮಾತ್ರ ಆಫ್ ಮಾಡಿ. ‘ಮೀಟಿಂಗ್ ಅಕ್ರಾಸ್ ದ ರಿವರ್’ನ ಆ ಒಂಟಿ ಟ್ರಂಪೆಟ್ ಆದ ಮೇಲೆ ‘ಜಂಗಲ್‌ಲ್ಯಾಂಡ್’ ಬರಲೇಬೇಕು, ಅಲ್ವಾ?

ಕವರ್ ವಿಷಯದಲ್ಲಿ ಎಲ್‌ಪಿಗೆ ಎದುರಿಲ್ಲ. ಮುಂದೆ ನೋಡಿದರೆ ಸ್ಪ್ರಿಂಗ್‌ಸ್ಟೀನ್ ಯಾರದೋ ಭುಜಕ್ಕೆ ಒರಗಿ ನಗುತ್ತಿದ್ದಾರೆ. ಪೂರ್ತಿ ಬಿಡಿಸಿದಾಗ ಸ್ಯಾಕ್ಸೊಫೋನ್ ಊದುತ್ತಿರುವ ಕ್ಲೆಮನ್ಸ್ ಕಾಣುತ್ತಾರೆ. ‘ಬ್ಯಾಕ್‌ಸ್ಟ್ರೀಟ್ಸ್’ ಮುಗಿದ ಮೇಲೆ ಎದ್ದು ಸೈಡ್ ತಿರುಗಿಸುವ ಆ ಬಿಡುವೂ ಚೆನ್ನ.

ನಾನು ರಾತ್ರಿ ಊಟ ಮುಗಿಸಿ ಎಂಟೂ ಹಾಡು, ಸುಮಾರು 39 ನಿಮಿಷ, ಒಂದೇ ಪಟ್ಟಿಗೆ ಕೇಳುವವನು. ಕೊನೆಯ ಹಾಡಿಗೇ ಕಾಯುತ್ತಿರುತ್ತೇನೆ. ಒಳ್ಳೆಯ ಸೂಜಿಗೆ ದುಡ್ಡಿದ್ದರೆ ನೀವು ಎಲ್‌ಪಿ ತೆಗೆದುಕೊಳ್ಳಿ. ನನ್ನ ಬಜೆಟ್ಟಿಗೆ ಸಿಡಿಯೇ.