ಮೂರು ವರ್ಷ ಮರಕ್ಕೆ ಕಟ್ಟಿದ ಟ್ರೇಲ್ ಕ್ಯಾಮೆರಾ: ಏನು ಸಿಗುತ್ತದೆ, ಏನು ತಪ್ಪಿಹೋಗುತ್ತದೆ

ಟ್ರೇಲ್ ಕ್ಯಾಮೆರಾ ಎಂದರೆ ಪ್ರಾಣಿ ಎದುರು ಹಾದಾಗ ತಾನಾಗಿಯೇ ಫೋಟೊ, ವಿಡಿಯೊ ತೆಗೆಯುವ ಕ್ಯಾಮೆರಾ. ಅದರ ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿರುವುದು 30 ಮೆಗಾಪಿಕ್ಸೆಲ್, 0.2 ಸೆಕೆಂಡಿನ ಟ್ರಿಗರ್ (ಸೆನ್ಸರ್ ಎಚ್ಚರಗೊಂಡು ಚಿತ್ರ ತೆಗೆಯಲು ಹಿಡಿಯುವ ಹೊತ್ತು), 25 ಮೀಟರ್ ರಾತ್ರಿ ಬೆಳಕು. ಪ್ರಾಣಿ ಏನು ಮಾಡುತ್ತದೆ ಎಂದು ನೋಡಬೇಕೆನ್ನುವವರಿಗೆ ಈ ಮೂರೂ ಅಷ್ಟು ಮುಖ್ಯವಲ್ಲ. ಸೆನ್ಸರ್ ಯಾವುದಕ್ಕೆ ಎಚ್ಚರಗೊಳ್ಳುತ್ತದೆ, ಒಂದು ವಿಡಿಯೊ ಮುಗಿದ ಮೇಲೆ ಮುಂದಿನದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ, ಈ ಎರಡರ ಮೇಲೆ ಎಲ್ಲವೂ ನಿಂತಿದೆ. ಅದನ್ನು ಮಾತ್ರ ಸಣ್ಣ ಅಕ್ಷರದಲ್ಲೂ ಬರೆದಿರುವುದು ಅಪರೂಪ.

ಕಂಪನಿಯ ಹೆಸರು ಹಾಕಿಲ್ಲ. ಎಂಟು ಎಎ ಸೆಲ್ ಹಾಕುವ ಈ ಮಧ್ಯಮ ದರ್ಜೆಯ ಕ್ಯಾಮೆರಾದಂಥವೇ ಬೇರೆಬೇರೆ ಹೆಸರಿನಲ್ಲಿ ಮಾರಾಟವಾಗುತ್ತವೆ. ಹೊರಕವಚದ ಬಣ್ಣ ಬದಲಾದರೂ ಕೆಲಸ ಮಾಡುವ ಬಗೆ ಹೆಚ್ಚುಕಡಿಮೆ ಒಂದೇ. ನಾಲ್ಕು ಕ್ಯಾಮೆರಾ, ಮೂರು ಮಳೆಗಾಲ, ಹೆಚ್ಚಿನ ಪಾಲು ವಿಡಿಯೊ: ಈ ವಿಮರ್ಶೆಯ ಹಿಂದಿರುವ ಬಳಕೆ ಇಷ್ಟು.

ಮೊದಲು ಸೆನ್ಸರ್. ಇದರಲ್ಲಿರುವುದು ಪಿಐಆರ್, ಅಂದರೆ ಮೈಶಾಖದ ಅವಗೆಂಪು (ಇನ್‌ಫ್ರಾರೆಡ್) ಕಿರಣ ಗ್ರಹಿಸುವ ಸೆನ್ಸರ್. ಅದಕ್ಕೆ ಪ್ರಾಣಿ ಕಾಣುವುದಿಲ್ಲ, ಶಾಖದ ಏರಿಳಿತವಷ್ಟೇ ತಿಳಿಯುತ್ತದೆ. ಮುಂಭಾಗದಲ್ಲಿರುವ ಹಾಲುಬಣ್ಣದ ಪ್ಲಾಸ್ಟಿಕ್ ತುಂಡು ಫ್ರೆನೆಲ್ ಲೆನ್ಸ್. ಅದು ಎದುರಿನ ಜಾಗವನ್ನು ಬೀಸಣಿಗೆಯ ಮಡಿಕೆಗಳಂತೆ ಪಟ್ಟಿಪಟ್ಟಿಯಾಗಿ ಹಂಚುತ್ತದೆ. ಹಿಂದಿರುವ ಎರಡು ಸಂವೇದಿ ತುಣುಕುಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿರುತ್ತಾರೆ. ಇಡೀ ಜಾಗ ಒಟ್ಟಿಗೆ ಬಿಸಿಯಾದರೆ ಎರಡರ ಸಂಕೇತವೂ ಪರಸ್ಪರ ಅಳಿಸಿಹೋಗುತ್ತದೆ. ಬೆಚ್ಚಗಿನ ಮೈಯೊಂದು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿದಾಗ ಮಾತ್ರ ಕ್ಯಾಮೆರಾ ಏಳುತ್ತದೆ.

ಇದೊಂದು ಅರ್ಥವಾದರೆ ಅರ್ಧದಷ್ಟು ದೂರುಗಳಿಗೆ ಉತ್ತರ ಸಿಕ್ಕಂತೆ. ಅಡ್ಡ ಹಾಯುವ ಜಿಂಕೆ ಹತ್ತು ಮೀಟರ್ ಆಚೆಗಿದ್ದರೂ ಸಿಗುತ್ತದೆ, ನೇರ ಕ್ಯಾಮೆರಾದತ್ತ ನಡೆದು ಬರುವ ನರಿ ನಾಲ್ಕು ಮೀಟರ್ ಹತ್ತಿರ ಬಂದರೂ ಸಿಗದಿರಬಹುದು. ಸುಡುವ ಮಧ್ಯಾಹ್ನ ನೆಲ, ಬಂಡೆ, ಪ್ರಾಣಿಯ ತುಪ್ಪಳದ ಹೊರಮೈ ಎಲ್ಲವೂ ಒಂದೇ ಬಿಸಿಗೆ ಬಂದಾಗ ಸೆನ್ಸರ್ ಬಹುಪಾಲು ಕುರುಡು. ನೀರಿನಿಂದ ಆಗಷ್ಟೇ ಮೇಲೆದ್ದ ನೀರುನಾಯಿಯದೂ ಇದೇ ಕತೆ: ದಟ್ಟ ತುಪ್ಪಳ ಒಳಗಿನ ಬಿಸಿಯನ್ನು ಹೊರಬಿಡುವುದಿಲ್ಲ, ಹೊರಮೈ ನೀರಿನಷ್ಟೇ ತಂಪು. ದಡಕ್ಕೆ ಬಂದು, ಮೈ ಕೊಡವಿ, ಉಜ್ಜಿಕೊಂಡ ಮೇಲೆ ವಿಡಿಯೊ ಶುರುವಾಗುತ್ತದೆ. ನೋಡಬೇಕಿದ್ದ ಭಾಗ ಅಷ್ಟರಲ್ಲಿ ಮುಗಿದಿರುತ್ತದೆ. ಹಾವು, ಆಮೆ, ಕಪ್ಪೆಗಳಿಗೆ ಈ ಸೆನ್ಸರ್ ನಂಬಿ ಕೂರುವುದು ವ್ಯರ್ಥ. ಅವಕ್ಕೆ ಟೈಮ್‌ಲ್ಯಾಪ್ಸ್ ಇಟ್ಟು, ನಿಮಿಷಕ್ಕೊಂದು ಫೋಟೊ ತೆಗೆಸುವುದೇ ದಾರಿ. ಇನ್ನೊಂದು ವಿಷಯ: ದೇಹದ ಶಾಖದ ಅವಗೆಂಪು ಕಿರಣ ಗಾಜಿನ ಮೂಲಕ ಹಾಯುವುದಿಲ್ಲ. ಕಿಟಕಿಯ ಒಳಗಿನಿಂದ ಹೊರಗೆ ಗುರಿಯಿಟ್ಟರೆ ಪ್ರಾಣಿ ಬಂದರೂ ಕ್ಯಾಮೆರಾ ಏಳದು. ಮಳೆಗೆಂದು ಸೆನ್ಸರ್ ಮೇಲೆ ಅಕ್ರಿಲಿಕ್ ಹಾಳೆ ಮುಚ್ಚಿದರೂ ಅದೇ ಗತಿ.

ಇನ್ನು ಎರಡನೆಯದು, ಚೇತರಿಕೆಯ ಸಮಯ. 0.2 ಸೆಕೆಂಡ್ ಎಂಬುದು ಫೋಟೊದ ಲೆಕ್ಕ. ವಿಡಿಯೊ ಮೋಡ್‌ನಲ್ಲಿ ಶುರುವಾಗಲು ಒಂದರಿಂದ ಎರಡು ಸೆಕೆಂಡ್ ಹಿಡಿಯುತ್ತದೆ. ವಿಡಿಯೊ ಮುಗಿದ ಮೇಲೆ ಕಾರ್ಡಿಗೆ ಬರೆದು ಮತ್ತೆ ಸಿದ್ಧವಾಗಲು ಇನ್ನಷ್ಟು ಸೆಕೆಂಡ್. ಗುಂಪಿನಲ್ಲಿ ಬರುವ ಕಾಡುಹಂದಿಗಳಲ್ಲಿ ಎಲ್ಲಕ್ಕೂ ಮುಂದಿರುವುದು ಸಿಕ್ಕಿ, ಮರಿಗಳು ದಾಟುವಾಗ ಕ್ಯಾಮೆರಾ ಕಾರ್ಡಿಗೆ ಬರೆಯುತ್ತಾ ಕೂತಿರುತ್ತದೆ. ಇದನ್ನು ಅಳೆಯುವುದು ಸುಲಭ. ಹತ್ತು ಸೆಕೆಂಡಿನ ವಿಡಿಯೊ, ವಿರಾಮ ಸೊನ್ನೆ ಎಂದು ಇಟ್ಟು, ಸೆಕೆಂಡ್ ತೋರಿಸುವ ಗಡಿಯಾರ ಹಿಡಿದು ಕ್ಯಾಮೆರಾ ಮುಂದೆ ಅಡ್ಡಡ್ಡ ಓಡಾಡುತ್ತಿರಿ. ಎರಡು ವಿಡಿಯೊಗಳ ನಡುವೆ ಎಷ್ಟು ಸೆಕೆಂಡ್ ಕಾಣೆಯಾಗಿದೆ ಎಂದು ನೋಡಿ. ಕೊಂಡ ದಿನವೇ ಮಾಡಿ, ವಾಪಸ್ ಕೊಡುವ ಅವಧಿ ಮುಗಿಯುವ ಮೊದಲು.

ಮೆಗಾಪಿಕ್ಸೆಲ್ ಬಗ್ಗೆ ಎರಡೇ ಮಾತು. ಒಳಗಿರುವ ಚಿಪ್ ಅಷ್ಟು ದೊಡ್ಡದಲ್ಲ, ಉಳಿದದ್ದು ಸಾಫ್ಟ್‌ವೇರ್ ಹಿಗ್ಗಿಸಿದ ಚಿತ್ರ. ಮೆನುವಿನಲ್ಲಿ 5 ಅಥವಾ 8 ಮೆಗಾಪಿಕ್ಸೆಲ್‌ಗೆ ಇಳಿಸಿದರೆ ವಿವರ ಕಳೆಯುವುದಿಲ್ಲ, ಕಾರ್ಡಿಗೆ ಬರೆಯುವುದು ಮಾತ್ರ ಬೇಗ ಮುಗಿಯುತ್ತದೆ.

ರಾತ್ರಿ ಬೆಳಕಿನಲ್ಲಿ ಎರಡು ಬಗೆ. 850 ನ್ಯಾನೊಮೀಟರ್ ಎಲ್‌ಇಡಿಗಳು ಮಂದ ಕೆಂಪಾಗಿ ಮಿನುಗುವುದು ಕಣ್ಣಿಗೆ ಕಾಣುತ್ತದೆ, ಬೆಳಕು ದೂರ ತಲುಪುತ್ತದೆ. 940 ನ್ಯಾನೊಮೀಟರ್‌ನವು ಮನುಷ್ಯನ ಕಣ್ಣಿಗೆ ಬೀಳುವುದಿಲ್ಲ, ಆದರೆ ಕ್ಯಾಮೆರಾದ ಸಿಲಿಕಾನ್ ಚಿಪ್ಪಿಗೂ ಆ ಅಲೆ ಕಡಿಮೆ ಹಿಡಿಯುತ್ತದೆ. ಹಾಗಾಗಿ ಚಿತ್ರ ಕಪ್ಪು, ಕಾಳುಕಾಳು. ನಡವಳಿಕೆ ದಾಖಲಿಸಲು ನನ್ನ ಆಯ್ಕೆ 940. ಹಾಗೆಂದು ಪ್ರಾಣಿಗೆ ಗೊತ್ತಾಗುವುದೇ ಇಲ್ಲ ಎಂಬ ಭ್ರಮೆ ಬೇಡ. ಹಗಲಿನಿಂದ ರಾತ್ರಿಗೆ ಬದಲಾಗುವಾಗ ಲೆನ್ಸ್ ಹಿಂದಿನ ಫಿಲ್ಟರ್ ಸರಿದು ‘ಟಿಕ್’ ಎನ್ನುತ್ತದೆ. ಕ್ಯಾಮೆರಾದ ಒಳಗಿನ ಭಾಗಗಳು ನಮಗೆ ಕೇಳಿಸದ ಶ್ರವಣಾತೀತ ಸದ್ದನ್ನೂ ಹೊಮ್ಮಿಸುತ್ತವೆ. ಇಂಥ ಕ್ಯಾಮೆರಾಗಳ ಸದ್ದೂ ಬೆಳಕೂ ಪ್ರಾಣಿಗಳ ಗ್ರಹಿಕೆಗೆ ಎಟುಕುತ್ತವೆ ಎಂದು 2014ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಅಳೆದು ತೋರಿಸಿದ್ದಾರೆ. ವಿಡಿಯೊದ ಮೊದಲ ಸೆಕೆಂಡಿನಲ್ಲೇ ಪ್ರಾಣಿ ಕಿವಿ ನಿಮಿರಿಸಿ ಲೆನ್ಸ್ ಕಡೆ ದಿಟ್ಟಿಸಿದರೆ, ಆಮೇಲೆ ಕಾಣುವುದು ಕ್ಯಾಮೆರಾಕ್ಕೆ ಅದು ತೋರಿದ ಪ್ರತಿಕ್ರಿಯೆ. ಅದನ್ನು ಸಹಜ ನಡವಳಿಕೆಯ ಪಟ್ಟಿಗೆ ಸೇರಿಸಬಾರದು.

ಕಟ್ಟುವ ಬಗೆಯಲ್ಲಿ ಬಹಳ ಮಂದಿ ಎಡವುತ್ತಾರೆ. ಮನುಷ್ಯನ ಎದೆಯೆತ್ತರಕ್ಕೆ ಕಟ್ಟಿದರೆ ಪ್ರಾಣಿಯ ಬೆನ್ನು ಸಿಗುತ್ತದೆ, ಮುಖ ಸಿಗುವುದಿಲ್ಲ. ಯಾವ ಪ್ರಾಣಿ ಬೇಕೋ ಅದರ ಭುಜದೆತ್ತರ ಸರಿ: ನರಿ, ಮುಳ್ಳುಹಂದಿ ಗಾತ್ರಕ್ಕೆ 30ರಿಂದ 40 ಸೆಂಟಿಮೀಟರ್, ಜಿಂಕೆಗೆ 70ರಿಂದ 80. ಜಾಡಿನಿಂದ ದೂರ ಮೂರರಿಂದ ನಾಲ್ಕು ಮೀಟರ್. ಜಾಡಿಗೆ ಲಂಬವಾಗಿಟ್ಟರೆ ಸೆನ್ಸರ್ ಚೆನ್ನಾಗಿ ಏಳುತ್ತದೆ, ಆದರೆ ವಿಡಿಯೊ ಶುರುವಾಗುವ ಹೊತ್ತಿಗೆ ಬಾಲದ ತುದಿ ಮಾತ್ರ ಉಳಿದಿರುತ್ತದೆ. ಜಾಡಿನ ಉದ್ದಕ್ಕೆ ನೋಡುವಂತಿಟ್ಟರೆ ಸೆನ್ಸರ್ ತಡವರಿಸುತ್ತದೆ. 45 ಡಿಗ್ರಿ ಓರೆ ಎರಡಕ್ಕೂ ನಡುವಿನ ಹದ. ಸೂರ್ಯ ಹುಟ್ಟುವ, ಮುಳುಗುವ ದಿಕ್ಕಿಗೆ ಮುಖ ಬೇಡ. ಭೂಮಧ್ಯರೇಖೆಯಿಂದ ಉತ್ತರಕ್ಕಿರುವವರು ಉತ್ತರಕ್ಕೆ, ದಕ್ಷಿಣಕ್ಕಿರುವವರು ದಕ್ಷಿಣಕ್ಕೆ ತಿರುಗಿಸಿದರೆ ಬಿಸಿಲಿನ ಕಾಟ ಕಡಿಮೆ.

ಮರ ತೊಡೆಯಷ್ಟಾದರೂ ದಪ್ಪವಿರಬೇಕು. ಸಣ್ಣ ಮರ ಗಾಳಿಗೆ ತೂಗಿದರೆ ಸೆನ್ಸರ್ ಪಟ್ಟಿಗಳೇ ಬಿಸಿಲು ನೆರಳಿನ ಮೇಲೆ ಓಡಾಡಿ ಕ್ಯಾಮೆರಾ ಸುಮ್ಮಸುಮ್ಮನೆ ಚಾಲೂ ಆಗುತ್ತಿರುತ್ತದೆ. ಬಿಸಿಲಿಗೆ ಕಾದ ಒಂದು ಎಲೆ ಲೆನ್ಸಿನಿಂದ ಅರ್ಧ ಮೀಟರ್ ದೂರದಲ್ಲಿ ಅಲ್ಲಾಡಿದರೆ ಸಾಕು, ಒಂದೇ ದಿನದಲ್ಲಿ ಕಾರ್ಡ್ ತುಂಬ ಖಾಲಿ ವಿಡಿಯೊಗಳು. ಎದುರಿನ ಹುಲ್ಲನ್ನು ಕೀಳುವ ಬದಲು ಬಗ್ಗಿಸಿದರೆ ಸಾಕು. ಜಾಗದ ಚಹರೆ ಬದಲಾದಷ್ಟೂ ಪ್ರಾಣಿ ಅನುಮಾನಿಸುತ್ತದೆ. ಕಟ್ಟಿದ ಮೇಲೆ ಟೆಸ್ಟ್ ಮೋಡ್‌ನಲ್ಲಿ ನಾಲ್ಕು ಕಾಲಲ್ಲಿ ಅಂಬೆಗಾಲಿಟ್ಟು ಅಡ್ಡ ಹಾದು ನೋಡಿ, ಕ್ಯಾಮೆರಾ ಮುಂಭಾಗದ ಕೆಂಪು ದೀಪ ಎಲ್ಲಿ ಹೊತ್ತಿತು ಎಂದು ಗುರುತಿಟ್ಟುಕೊಳ್ಳಿ. ನಿಂತು ನಡೆದರೆ ಏಳುವ ಸೆನ್ಸರ್, ತೆವಳಿದಾಗ ಏಳದಿದ್ದರೆ ಕೋನ ತಪ್ಪಿದೆ ಎಂದರ್ಥ. ಕೋನ ಸರಿಪಡಿಸಲು ಒಂದು ಒಣಕಡ್ಡಿಯನ್ನು ಬೆಣೆಯಂತೆ ಕ್ಯಾಮೆರಾದ ಹಿಂಬದಿಗೆ ಸಿಕ್ಕಿಸಿದರೆ ಸಾಕಾಗುತ್ತದೆ.

ಎರಡು ಮೀಟರಿಗಿಂತ ಹತ್ತಿರ ಬರುವ ಪ್ರಾಣಿ ರಾತ್ರಿ ಬೆಳ್ಳಗೆ ಸುಟ್ಟಂತೆ ಕಾಣುತ್ತದೆ. ಎಲ್‌ಇಡಿಗಳಲ್ಲಿ ಅರ್ಧದಷ್ಟರ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ. ಮಿಕ್ಕ ಬೆಳಕು ಸಾಕು. ಹತ್ತಿರದಿಂದ ತೆಗೆಯಬೇಕಾದ ಇಲಿ, ಅಳಿಲುಗಳಿಗೆ ಫೋಕಸ್ ಕೂಡ ಸಿಗುವುದಿಲ್ಲ, ಏಕೆಂದರೆ ಲೆನ್ಸ್‌ನ ಫೋಕಸ್ ಒಂದೇ ಕಡೆ ನಿಂತಿರುತ್ತದೆ. ಓದುವ ಕನ್ನಡಕದ +2 ಗಾಜೊಂದನ್ನು ಲೆನ್ಸ್ ಮುಂದೆ ಮಾತ್ರ ಅಂಟಿಸಿದರೆ ಅರ್ಧ ಮೀಟರ್ ಆಸುಪಾಸು ಚುರುಕಾಗಿ ಕಾಣುತ್ತದೆ. ಗಾಜು ಸೆನ್ಸರ್ ಮೇಲೆ ಚೂರೂ ಚಾಚಬಾರದು. ಕಾರಣ ಮೇಲೆ ಹೇಳಿದ್ದೇ.

ಸೆಲ್‌ಗಳ ವಿಷಯದಲ್ಲಿ ಅಗ್ಗದ ದಾರಿ ಇಲ್ಲ. ಆಲ್ಕಲೈನ್ ಸೆಲ್ 1.5 ವೋಲ್ಟ್‌ನಿಂದ ಶುರುವಾಗಿ ಮೆಲ್ಲಗೆ ಇಳಿಯುತ್ತಾ ಹೋಗುತ್ತದೆ. ರಾತ್ರಿ ಎಲ್‌ಇಡಿಗಳು ಒಮ್ಮೆಗೇ ಎಳೆಯುವ ವಿದ್ಯುತ್ತಿಗೆ ವೋಲ್ಟೇಜ್ ಕುಸಿದು, ಹಗಲಿನಲ್ಲಿ ಸರಿಯಿದ್ದ ಕ್ಯಾಮೆರಾ ರಾತ್ರಿ ಬಂದ್ ಆಗುತ್ತದೆ. ದಾಖಲೆ ನೋಡಿದವರಿಗೆ ಆ ಪ್ರಾಣಿ ಹಗಲುಸಂಚಾರಿ ಎನಿಸಬಹುದು! ರೀಚಾರ್ಜ್ ಆಗುವ ನಿಕಲ್ ಸೆಲ್‌ಗಳು 1.2 ವೋಲ್ಟ್ ಮಾತ್ರ. ನಾಲ್ಕು ಸೆಲ್‌ನ ಸರಣಿಗೆ 6 ವೋಲ್ಟ್ ಬದಲು 4.8. ಕ್ಯಾಮೆರಾದ ಸೂಚಕ ಮೊದಲ ದಿನವೇ ಅರ್ಧ ಎನ್ನುತ್ತದೆ, ಅದನ್ನು ನಂಬಬೇಕಿಲ್ಲ. ಹೊರೆ ಬಿದ್ದಾಗ ಇವು ಆಲ್ಕಲೈನ್‌ಗಿಂತ ಸ್ಥಿರ. ಆದರೆ ಕೆಲವು ಮಾದರಿಗಳು 1.2 ವೋಲ್ಟ್ ಒಪ್ಪುವುದೇ ಇಲ್ಲ, ಕೈಪಿಡಿ ನೋಡಿ. ತಿಂಗಳುಗಟ್ಟಲೆ ಬಿಡುವ ಜಾಗಕ್ಕೆ, ಹಿಮ ಬೀಳುವ ಕಡೆಗೆ, ರೀಚಾರ್ಜ್ ಆಗದ 1.5 ವೋಲ್ಟ್ ಲಿಥಿಯಂ ಸೆಲ್‌ಗೆ ಸಾಟಿಯಿಲ್ಲ. ದುಬಾರಿ ನಿಜ, ಸತ್ತ ಕ್ಯಾಮೆರಾದ ಬಳಿಗೆ ಸುಮ್ಮನೆ ನಡೆದು ಹೋಗುವುದೂ ದುಬಾರಿಯೇ. ಹಳೆಯ ಸೆಲ್ ಜೊತೆ ಹೊಸದನ್ನು ಬೆರೆಸಿದರೆ ದುರ್ಬಲವಾದದ್ದು ಸೋರಿ ಸ್ಪ್ರಿಂಗ್‌ಗಳನ್ನು ತಿನ್ನುತ್ತದೆ.

ಕಾರ್ಡ್ 32 ಜಿಬಿ, ಕ್ಲಾಸ್ 10, ದೊಡ್ಡ ಎಸ್‌ಡಿ ಕಾರ್ಡ್. ಅಡಾಪ್ಟರ್‌ನಲ್ಲಿ ತೂರಿಸಿದ ಮೈಕ್ರೊ ಕಾರ್ಡ್ ತೇವಕ್ಕೆ ಸಂಪರ್ಕ ತಪ್ಪುತ್ತದೆ. ಕಂಪ್ಯೂಟರಿನಲ್ಲಿ ಅಳಿಸುವುದಕ್ಕಿಂತ ಪ್ರತಿ ಸಲವೂ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಸೆಕೆಂಡಿಗೆ 15 ಮೆಗಾಬಿಟ್ ಬರೆಯುವ 1080ಪಿ ವಿಡಿಯೊದಲ್ಲಿ 30 ಸೆಕೆಂಡಿಗೆ ಸುಮಾರು 56 ಎಂಬಿ, ಅಂದರೆ ಕಾರ್ಡಿಗೆ 500 ಚಿಲ್ಲರೆ ವಿಡಿಯೊ. ಖಾಲಿ ವಿಡಿಯೊಗಳ ಕಾಟವಿಲ್ಲದಿದ್ದರೆ ಅದು ಧಾರಾಳ.

ಮೂರು ವರ್ಷದಲ್ಲಿ ಸವೆದದ್ದು ಯಾವುದು? ಲೆನ್ಸೂ ಅಲ್ಲ, ಚಿಪ್ಪೂ ಅಲ್ಲ, ರಬ್ಬರ್ ಗ್ಯಾಸ್ಕೆಟ್. ಒಂದು ಮರಳಕಾಳು, ಒಂದು ಒಣಹುಲ್ಲಿನ ಎಳೆ ಸಿಕ್ಕಿಕೊಂಡರೂ ಮುಚ್ಚಳ ಬಿಗಿಯಾಗದೆ ತೇವ ಒಳಸೇರುತ್ತದೆ. ನಾಲ್ಕರಲ್ಲಿ ಒಂದು ಕ್ಯಾಮೆರಾ ಹೀಗೇ ಸತ್ತಿತು, ಸರ್ಕ್ಯೂಟ್ ಬೋರ್ಡಿನ ಮೇಲೆ ಹಸಿರು ಕಿಲುಬು. ಪ್ರತಿ ಸಲ ತೆರೆದಾಗ ಗ್ಯಾಸ್ಕೆಟ್ ಒರೆಸಿ, ವರ್ಷಕ್ಕೆರಡು ಸಲ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ, ಒಳಗೊಂದು ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಪ್ರತಿ ಭೇಟಿಗೂ ಬದಲಿಸಿದರೆ ಈ ಕಾಯಿಲೆ ಬಹುಮಟ್ಟಿಗೆ ದೂರ. ಇರುವೆಗಳು ಸೆಲ್ ಪೆಟ್ಟಿಗೆಯ ಬಿಸುಪಿಗೆ ಮನಸೋತು ಮೊಟ್ಟೆ ತಂದಿಡುತ್ತವೆ. ಮರಕ್ಕೆ ಕಟ್ಟುವ ಪಟ್ಟಿಯ ಸಂದು, ಸ್ಪೀಕರಿನ ತೂತು ನೋಡಿಕೊಳ್ಳಿ. ಜೇಡ ಲೆನ್ಸ್ ಮುಂದೆ ನೇಯ್ದ ಒಂದು ಎಳೆ ರಾತ್ರಿ ಅವಗೆಂಪು ಬೆಳಕಿನಲ್ಲಿ ಟ್ಯೂಬ್‌ಲೈಟಿನಂತೆ ಹೊಳೆಯುತ್ತದೆ. ಕೀಟನಾಶಕ ಸಿಂಪಡಿಸಬೇಡಿ, ವಾಸನೆಗೆ ಪ್ರಾಣಿ ದಾರಿ ಬದಲಿಸುತ್ತದೆ. ಹಳೆಯ ಟೂತ್‌ಬ್ರಷ್ ಸಾಕು.

ಗಡಿಯಾರ ಈ ಕ್ಯಾಮೆರಾದ ದೊಡ್ಡ ದೌರ್ಬಲ್ಯ. ಸೆಲ್ ತೆಗೆದು ಹಾಕುವಷ್ಟರಲ್ಲಿ ದಿನಾಂಕ ಕಾರ್ಖಾನೆಯ ಮೊದಲ ದಿನಕ್ಕೆ ಮರಳಿರುತ್ತದೆ, ಪರದೆ ನೋಡದಿದ್ದರೆ ಗೊತ್ತೂ ಆಗುವುದಿಲ್ಲ. ಕಟ್ಟುವಾಗ ಮತ್ತು ಬಿಚ್ಚುವಾಗ ಫೋನಿನ ಗಡಿಯಾರವನ್ನು ಲೆನ್ಸ್ ಮುಂದೆ ಹಿಡಿದು ಒಂದೊಂದು ವಿಡಿಯೊ ಮಾಡಿಟ್ಟುಕೊಳ್ಳಿ. ಎಷ್ಟು ತಪ್ಪಿದೆ ಎಂದು ಆಮೇಲೆ ಸರಿಪಡಿಸಬಹುದು.

ನಡವಳಿಕೆಗೆ ನೆಲೆನಿಂತ ಸೆಟ್ಟಿಂಗ್ ಇದು: ವಿಡಿಯೊ 1080ಪಿ, 30 ಸೆಕೆಂಡ್, ವಿರಾಮ ಸೊನ್ನೆ, ಧ್ವನಿ ಆನ್, ಬಿಸಿಗಾಲದಲ್ಲಿ ಸಂವೇದನೆ ಹೆಚ್ಚು, ಚಳಿಯಲ್ಲಿ ಮಧ್ಯಮ. ಧ್ವನಿಯನ್ನು ಆಫ್ ಮಾಡುವವರಿದ್ದಾರೆ, ಅದು ತಪ್ಪು. ಎಚ್ಚರಿಕೆಯ ಕೂಗು, ಹಲ್ಲು ಕಡಿಯುವ ಸದ್ದು ಚೌಕಟ್ಟಿನ ಹೊರಗಿದ್ದರೂ ಸಿಗುತ್ತವೆ. ಬರೀ ಜಾಡಿನಲ್ಲಿಟ್ಟರೆ ನಡೆದು ಹೋಗುವ ಪ್ರಾಣಿ ಮಾತ್ರ. ಮೈಯುಜ್ಜುವ ಮರ, ಒಂದೇ ಕಡೆ ಹಿಕ್ಕೆ ಹಾಕುವ ಜಾಗ, ಹೊರಳಾಡುವ ಕೆಸರುಗುಂಡಿ, ಇಂಥಲ್ಲಿ ಪ್ರಾಣಿ ನಿಲ್ಲುತ್ತದೆ, ಮೂಸುತ್ತದೆ, ಗುರುತು ಬಿಡುತ್ತದೆ. ತಡವಾಗಿ ಏಳುವ ಕ್ಯಾಮೆರಾಕ್ಕೂ ಅವಕಾಶ ಸಿಗುತ್ತದೆ. ಗೂಡು, ಮರಿಗಳಿರುವ ಬಿಲದ ಬಾಯಿ ಬೇಡವೇ ಬೇಡ. ಅಲ್ಲಿಗೆ ಹೋಗಿಬರುವ ನಮ್ಮ ಜಾಡನ್ನೇ ಹಿಡಿದು ಬೇಟೆಗಾರ ಪ್ರಾಣಿ ಬರಬಹುದು, ತಾಯಿ ಮರಿಗಳನ್ನು ಬೇರೆಡೆ ಸಾಗಿಸಬಹುದು. ಆಹಾರ ಚೆಲ್ಲಿ ಕರೆಸಿದರೆ ದಾಖಲಾಗುವುದು ಆಹಾರಕ್ಕಾಗಿ ನಡೆಯುವ ಜಗಳ. ಜಾಗದ ಒಡೆಯರ ಅಥವಾ ಅರಣ್ಯ ಇಲಾಖೆಯ ಅನುಮತಿ ಮೊದಲು. ಸಿಕ್ಕಿಬಿದ್ದ ಮನುಷ್ಯರ ವಿಡಿಯೊ ಅಲ್ಲೇ ಅಳಿಸಿ.

ಖಾಲಿ ವಿಡಿಯೊಗಳನ್ನು ಬೇರ್ಪಡಿಸಲು ಮೆಗಾಡಿಟೆಕ್ಟರ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಪ್ರಾಣಿ, ಮನುಷ್ಯ, ವಾಹನ ಎಂದಷ್ಟೇ ಹೇಳುತ್ತದೆ, ಯಾವ ಪ್ರಾಣಿ ಎಂದು ಹೇಳುವುದಿಲ್ಲ. ಆದರೂ ದಿನಗಟ್ಟಲೆಯ ಕೆಲಸ ತಪ್ಪುತ್ತದೆ. ಎಣಿಸುವಾಗ ಒಂದು ಎಚ್ಚರ: ಹತ್ತು ವಿಡಿಯೊ ಎಂದರೆ ಹತ್ತು ಪ್ರಾಣಿಯಲ್ಲ. ಅರ್ಧ ಗಂಟೆಯೊಳಗೆ ಅದೇ ಜಾತಿಯ ಪ್ರಾಣಿ ಮತ್ತೆ ಕಂಡರೆ ಒಂದೇ ಭೇಟಿ ಎಂದು ಹಿಡಿಯುವುದು ಸಂಶೋಧಕರಲ್ಲಿ ರೂಢಿ.

ಫೋಟೊ ಗೋಡೆಗೆ ತೂಗುಹಾಕಬೇಕೆನ್ನುವವರು ಇದನ್ನು ಕೊಳ್ಳಬೇಡಿ. ರಾತ್ರಿ ಶಟರ್ ನಿಧಾನ, ಓಡುವ ಪ್ರಾಣಿ ಬರೀ ಮಸುಕು ಗೆರೆ. ನಡವಳಿಕೆ ನೋಡುವವರಿಗೆ ಐದಕ್ಕೆ ಮೂರೂವರೆ ಅಂಕ. ಕಳೆದ ಒಂದೂವರೆಯಲ್ಲಿ ಒಂದು ಗಡಿಯಾರಕ್ಕೆ, ಅರ್ಧ ಗ್ಯಾಸ್ಕೆಟ್‌ಗೆ. ಮತ್ತೆ ಕೊಳ್ಳುವುದಾದರೆ ಇದೇ ದರ್ಜೆಯದು ಎರಡು ಕೊಂಡು ಒಂದೇ ಜಾಗಕ್ಕೆ ಎರಡು ಕೋನದಿಂದ ಕಟ್ಟುವುದು ಲೇಸು. ನೇರ ಎದುರುಬದುರು ಬೇಡ, ಒಂದರ ಎಲ್‌ಇಡಿ ಇನ್ನೊಂದರ ಕಣ್ಣು ಕುಕ್ಕುತ್ತದೆ; ಒಂದೆರಡು ಮೀಟರ್ ಓರೆಯಾಗಿರಲಿ. ಒಂದು ಕಂಡು ಇನ್ನೊಂದು ಕಾಣದೆ ಬಿಟ್ಟ ಭೇಟಿಗಳನ್ನು ಪಟ್ಟಿ ಮಾಡಿದರೆ, ಒಂಟಿ ಕ್ಯಾಮೆರಾ ಎಷ್ಟನ್ನು ಕಳೆದುಕೊಳ್ಳುತ್ತಿತ್ತು ಎಂಬುದರ ಅಂದಾಜು ಮೊದಲ ತಿಂಗಳಲ್ಲೇ ಸಿಗುತ್ತದೆ.