ಕಣದಿಂದ ಕಚೇರಿಯ ಲೆಕ್ಕ: ವಿಪಿಎನ್, ರಿಮೋಟ್ ಡೆಸ್ಕ್‌ಟಾಪ್, ಸಿಂಕ್‌ಥಿಂಗ್

ಕಾಫಿ ಖರೀದಿಯ ಲೆಕ್ಕ ನೋಡಿಕೊಳ್ಳುವ ನಾನು ಡಿಸೆಂಬರಿನಿಂದ ಮಾರ್ಚ್‌ವರೆಗೆ ಕೊಡಗಿನ ಗೋಣಿಕೊಪ್ಪದ ಕಚೇರಿಯಲ್ಲಿ ಕೂರುವುದಕ್ಕಿಂತ ತೋಟಗಳ ಕಣದಲ್ಲಿ ನಿಲ್ಲುವುದೇ ಹೆಚ್ಚು. ಯಾರ ಚೀಲ ಎಷ್ಟು ಬಂತು, ಔಟ್‌ಟರ್ನ್ (ಹಣ್ಣಿನಿಂದ ಸಿಗುವ ಬೀಜದ ಪ್ರಮಾಣ) ಎಷ್ಟು, ಮುಂಗಡ ಎಷ್ಟು ಹೋಗಿದೆ ಎಂಬುದೆಲ್ಲ ಕಚೇರಿಯ ಕಂಪ್ಯೂಟರಿನಲ್ಲಿ ಎಲ್ಲರೂ ಬಳಸುವ ಒಂದು ಫೋಲ್ಡರಿನ ಎಕ್ಸೆಲ್ ಕಡತಗಳಲ್ಲಿದೆ. ಲ್ಯಾಪ್‌ಟಾಪಿನಿಂದ ಅದನ್ನು ತಲುಪಲು ಮೂರು ದಾರಿ ಹಿಡಿದು ನೋಡಿ ಕಂಪ್ಯೂಟರುಗಳ ನಡುವೆ ಫೋಲ್ಡರನ್ನು ಹೊಂದಿಸಿಡುವ ಸಿಂಕ್‌ಥಿಂಗ್ ಎಂಬ ತಂತ್ರಾಂಶದಲ್ಲಿ ನೆಲೆ ನಿಂತಿದ್ದೇನೆ; ಆದ್ದರಿಂದ ಈ ಹೋಲಿಕೆಯಲ್ಲಿ ಪಕ್ಷಪಾತವಿಲ್ಲವೆಂದು ಹೇಳಲಾರೆ.

ಮೊದಲು ವಿಪಿಎನ್, ಅಂದರೆ ದೂರದ ಲ್ಯಾಪ್‌ಟಾಪನ್ನು ಕಚೇರಿಯ ಜಾಲಕ್ಕೆ ಸೇರಿಸುವ ಸುರಕ್ಷಿತ ಕೊಂಡಿ. ಕಚೇರಿಯ ಸಂಪರ್ಕಕ್ಕೆ ಸ್ಥಿರ ಐಪಿ ವಿಳಾಸ (ಬದಲಾಗದ ಅಂತರ್ಜಾಲ ವಿಳಾಸ) ಪಡೆದು, ಅದಕ್ಕೆ ತಿಂಗಳು ತಿಂಗಳು ಹಣ ಕಟ್ಟಿ, ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶ ಅಳವಡಿಸಿದೆವು. ಮನೆಯ ಫೈಬರ್ ಸಂಪರ್ಕದಲ್ಲಿ ಎಲ್ಲವೂ ಸರಿಯಿತ್ತು.

ಪೇಚಾಟ ಶುರುವಾದದ್ದು ಕಕ್ಕಬ್ಬೆ ಕಡೆಯ ಒಂದು ಕಣದಲ್ಲಿ. ಜೀಪಿನ ಬಾನೆಟ್ ಮೇಲೆ ಲ್ಯಾಪ್‌ಟಾಪ್ ಇಟ್ಟು, ಫೋನಿನ ಹಾಟ್‌ಸ್ಪಾಟ್ ಹಾಕಿ, ಹನ್ನೆರಡು ಚೀಲ ಚೆರಿಯ (ಒಣಗಿಸಿದ ಕಾಫಿ ಹಣ್ಣಿನ) ತೂಕ ಬರೆದು ಸೇವ್ ಒತ್ತುವಷ್ಟರಲ್ಲಿ ಸಿಗ್ನಲ್ ಹೋಯಿತು. ಎಕ್ಸೆಲ್ ಮೊದಲು ತಾತ್ಕಾಲಿಕ ಕಡತವೊಂದಕ್ಕೆ ಬರೆದು, ಬಳಿಕ ಅದಕ್ಕೆ ಮೂಲ ಹೆಸರು ಕೊಡುವ ಕ್ರಮದಲ್ಲಿ ಉಳಿಸುತ್ತದೆ. ನಡುವೆಯೇ ಕೊಂಡಿ ಕಡಿದದ್ದರಿಂದ ಫೋಲ್ಡರಿನಲ್ಲಿ ತಲೆಬುಡವಿಲ್ಲದ ಹೆಸರಿನ ಕಡತವೊಂದು ಉಳಿದುಕೊಂಡಿತು. ಅದಾದರೂ ಸಹಿಸಬಹುದಿತ್ತು. ನಾನು ಆಚೆ ಬಿದ್ದದ್ದು ಕಚೇರಿಯ ಕಂಪ್ಯೂಟರಿಗೆ ತಿಳಿಯದೆ, ಮೂಲ ಕಡತ ನನ್ನ ಹೆಸರಿನಲ್ಲೇ ಬೀಗ ಹಾಕಿಕೊಂಡು ಕೂತಿತ್ತು. ವಿರಾಜಪೇಟೆ ಮುಟ್ಟಿದಾಗ ಸಹೋದ್ಯೋಗಿಯ ಸಂದೇಶಗಳು ಒಟ್ಟಿಗೇ ಬಂದು ಬಿದ್ದವು: "ಅಣ್ಣ, ಫೈಲ್ ಕ್ಲೋಸ್ ಮಾಡಿ, ಪಾರ್ಟಿ ಕಾಯ್ತಾ ಇದ್ದಾರೆ."

ತಪ್ಪು ವೈರ್‌ಗಾರ್ಡಿನದಲ್ಲ, ಸಿಗ್ನಲ್ ಮರಳಿದರೆ, ಫೋನಿನ ಐಪಿ ಬದಲಾಗಿದ್ದರೂ ಅದು ತಾನಾಗಿಯೇ ಕೂಡಿಕೊಳ್ಳುತ್ತದೆ. ಆದರೆ ಅದರ ಒಳಗೆ ಓಡುವ ಎಸ್‌ಎಂಬಿ, ಅಂದರೆ ವಿಂಡೋಸ್ ಫೋಲ್ಡರುಗಳನ್ನು ಜಾಲದಲ್ಲಿ ಹಂಚಿಕೊಳ್ಳುವ ವಿಧಾನ, ಒಂದೇ ಕಟ್ಟಡದ ಜಾಲವನ್ನು ನಂಬಿ ಬೆಳೆದದ್ದು; ಒಂದು ಫೋಲ್ಡರ್ ತೋರಿಸುವುದಕ್ಕೂ ಹಲವು ಸಲ ಹೋಗಿ ಬಂದು ಕೇಳುವ ಅದರ ಸ್ವಭಾವಕ್ಕೆ ಬೆಟ್ಟದ ಸಿಗ್ನಲ್ ಒಗ್ಗುವುದಿಲ್ಲ.

ಕಚೇರಿಯ ಕಂಪ್ಯೂಟರಿನ ಪರದೆಯನ್ನೇ ದೂರದಿಂದ ತೆರೆದು ನಡೆಸುವ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಕಡತ ಕಚೇರಿ ಬಿಟ್ಟು ಕದಲುವುದಿಲ್ಲ, ಸಂಪರ್ಕ ಕಡಿದರೂ ಅರ್ಧ ಬರೆದದ್ದು ಹಾಗೆಯೇ ಇರುತ್ತದೆ. ಕಚೇರಿಯ ಕಂಪ್ಯೂಟರಿನಲ್ಲಿ ವಿಂಡೋಸ್‌ನ ಹೋಮ್ ಬದಲು ಪ್ರೊ ಆವೃತ್ತಿ ಇರಬೇಕು. ಅಲ್ಲಿ ಕರೆಂಟ್ ಹೋಗಿ ಯುಪಿಎಸ್ ಬ್ಯಾಟರಿ ಇಳಿದರೆ ಕೆಲಸ ಅಲ್ಲಿಗೇ ನಿಂತಿತು. ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲಂತೂ ನೆಚ್ಚುವಂತಿಲ್ಲ.

ಸಿಂಕ್‌ಥಿಂಗ್ ಎರಡೂ ಕಂಪ್ಯೂಟರಿನಲ್ಲಿ ಫೋಲ್ಡರಿನ ಪ್ರತಿ ಇಡುತ್ತದೆ. ಸಿಗ್ನಲ್ ಇಲ್ಲದ ಕಣದಲ್ಲಿ ನೆಮ್ಮದಿಯಿಂದ ಬರೆಯುತ್ತೇನೆ, ರಸ್ತೆಗೆ ಬಂದಾಗ ಅದು ತಾನೇ ಹೊಂದಿಸಿಕೊಳ್ಳುತ್ತದೆ. ಸ್ಥಿರ ಐಪಿಯೂ ಬೇಡ, ಶುಲ್ಕವೂ ಇಲ್ಲ. ಇಬ್ಬರು ಒಂದೇ ಕಡತ ತಿದ್ದಿದರೆ ಒಂದನ್ನು 'ಸಿಂಕ್-ಕಾನ್‌ಫ್ಲಿಕ್ಟ್' ಎಂದು ಹೆಸರಿಸಿ ಪಕ್ಕಕ್ಕಿಡುತ್ತದೆ. ಅದನ್ನು ತಪ್ಪಿಸಲು ನಾನು ದಿನಕ್ಕೊಂದು ಹೊಸ ಕಡತ ಬರೆಯುತ್ತೇನೆ, ಮುಖ್ಯ ಲೆಕ್ಕಕ್ಕೆ ಸೇರಿಸುವುದು ಕಚೇರಿಯವರ ಕೆಲಸ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುವುದರಿಂದ ಹಳೆಯ ಆವೃತ್ತಿ ಉಳಿಸುವ ಆಯ್ಕೆಯನ್ನು ಹಾಕಿಟ್ಟಿದ್ದೇನೆ. ಮುಂಗಡ ಕೊಡುವ ಮುಂಚೆ ಮಾತ್ರ, ನನ್ನ ಪ್ರತಿ ಬೆಳಗಿನದಾಗಿರಬಹುದೆಂದು, ಕಚೇರಿಗೆ ಫೋನ್ ಮಾಡಿಯೇ ಕೊಡುತ್ತೇನೆ.

ಹತ್ತು ಜನ ಏಕಕಾಲಕ್ಕೆ ಒಂದೇ ಕಡತದಲ್ಲಿ ಬರೆಯುವ ಕಡೆ ಇದು ಸಲ್ಲದು; ನಾವಿರುವುದು ಮೂವರು. ಸ್ಥಿರ ಐಪಿಗೆ ಕಟ್ಟುತ್ತಿದ್ದ ಹಣದಲ್ಲಿ ಇನ್ನೊಂದು ಕಂಪನಿಯ ಸಿಮ್ ಹಾಕಿಸಿದ್ದೇನೆ. ಕಕ್ಕಬ್ಬೆಯಲ್ಲಿ ಅದಕ್ಕೂ ಒಂದೇ ಕಡ್ಡಿ.