ಪದ್ಮಿನಿಗೆ ಮುಂದೆ ಕ್ರೋಮ್, ಹಿಂದೆ ಸ್ಟೀಲ್: ಕಾರವಾರದ ಉಪ್ಪುಗಾಳಿಗೆ ಯಾವ ಬಂಪರ್ ತಡೆಯಿತು?

ಮೊದಲೇ ಹೇಳಿಬಿಡುತ್ತೇನೆ. ಮನೆ ಸಮುದ್ರದ ಹತ್ತಿರ, ಕಾರು ದಿನಾ ರಸ್ತೆಗೆ ಇಳಿಯುತ್ತದೆ ಅಂದರೆ ಸ್ಟೇನ್‌ಲೆಸ್ ಸ್ಟೀಲ್ ಬಂಪರ್ ಹಾಕಿಸಿ. ಕಾರು ಶೆಡ್ಡಿನಲ್ಲೇ ಜಾಸ್ತಿ ಇರುತ್ತದೆ, ಹಳೇ ಬಂಪರ್‌ನ ತಗಡು ಇನ್ನೂ ಗಟ್ಟಿ ಇದೆ ಅಂದರೆ ಅದನ್ನೇ ರೀಕ್ರೋಮ್ ಮಾಡಿಸಿ, ಅಂದರೆ ಹೊಸದಾಗಿ ಕ್ರೋಮ್ ಲೇಪ ಹಾಕಿಸಿ. ನನ್ನ ಪ್ರೀಮಿಯರ್ ಪದ್ಮಿನಿಯಲ್ಲಿ ಈಗ ಎರಡೂ ಇವೆ. ಹೋಲಿಸಿ ನೋಡೋಣ ಅಂತ ಮಾಡಿಸಿದ್ದಲ್ಲ. ಬೈತಖೋಲ ಬಂದರಿನ ಹತ್ತಿರ ಮೀನಿನ ಟೆಂಪೊ ಒಂದು ರಿವರ್ಸ್ ಬಂದು ಮುಂದಿನ ಬಂಪರ್ ಒಳಗೆ ಒತ್ತಿತು. ಹಿಂದಿನದಕ್ಕೆ ಯಾರೂ ಗುದ್ದಿರಲಿಲ್ಲ, ಅದು ತಾನಾಗೇ ಒಳಗಿಂದ ತುಕ್ಕು ಹಿಡಿದು ಬೆರಳಲ್ಲಿ ಒತ್ತಿದರೆ ಪುಡಿ ಉದುರುತ್ತಿತ್ತು. ಹಾಗಾಗಿ ಮುಂದಿನದು ರಿಪೇರಿ, ಹಿಂದಿನದು ಬದಲಿ. ಕೆಲವು ಮಳೆಗಾಲ ಕಳೆದಿವೆ, ಈಗ ಧೈರ್ಯವಾಗಿ ಬರೆಯಬಹುದು.

ರೀಕ್ರೋಮ್ ವಿಷಯ ಮೊದಲು. ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಪ್ಲೇಟಿಂಗ್ ಅಂಗಡಿಗೆ ಕೊಟ್ಟೆ. ಹೇಳಿದ ದಿನಕ್ಕೆ ಕೊಡಲಿಲ್ಲ, ಅದು ಬಿಡಿ. ಕೆಲಸ ಮಾತ್ರ ಚೆನ್ನಾಗಿ ಮಾಡಿದರು. ಹಳೇ ಕ್ರೋಮ್, ನಿಕ್ಕಲ್ ಎರಡನ್ನೂ ಪೂರ್ತಿ ತೆಗೆದರು, ಆಮೇಲೆ ಟಿಂಕರ್ ಡೆಂಟ್ ಎತ್ತಿದ. ಇಲ್ಲಿ ಒಂದು ಮಾತು: ಟಿಂಕರ್ ಪುಟ್ಟಿ ಡಬ್ಬಿ ತೆಗೆದರೆ ಅಲ್ಲೇ ನಿಲ್ಲಿಸಿ. ಪೇಂಟ್ ಕೆಲಸಕ್ಕೆ ಪುಟ್ಟಿ ನಡೆಯುತ್ತದೆ, ಕ್ರೋಮ್‌ಗೆ ನಡೆಯಲ್ಲ. ಪ್ಲೇಟಿಂಗ್ ಅಂದರೆ ಕರೆಂಟ್ ಹರಿಸಿ ಲೋಹ ಕೂರಿಸುವುದು, ಪುಟ್ಟಿಯಲ್ಲಿ ಕರೆಂಟ್ ಎಲ್ಲಿ ಹರಿಯುತ್ತದೆ? ತೂತು ಬಿದ್ದಿದ್ದರೆ ವೆಲ್ಡ್ ಮಾಡಿ ಉಜ್ಜಬೇಕು. ಸಣ್ಣ ಗುಳಿಗಳನ್ನು ತಾಮ್ರ ತುಂಬುತ್ತದೆ. ತಾಮ್ರ ಹಾಕು, ಬಫ್ ಮಾಡು, ಮತ್ತೆ ತಾಮ್ರ ಹಾಕು, ಹೀಗೆ. ಅದರ ಮೇಲೆ ನಿಕ್ಕಲ್, ಕೊನೆಗೆ ಕ್ರೋಮ್.

ನಾವು ಕ್ರೋಮ್ ಕ್ರೋಮ್ ಅನ್ನುತ್ತೇವೆ, ಆದರೆ ಆ ಪದರ ಒಂದು ಮೈಕ್ರಾನ್ ಕೂಡ ಇರಲ್ಲ, ಅಂದರೆ ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಭಾಗಕ್ಕಿಂತ ತೆಳು. ಅದರಲ್ಲಿ ಕಣ್ಣಿಗೆ ಕಾಣದ ಬಿರುಕುಗಳೂ ಇರುತ್ತವೆ. ಕಬ್ಬಿಣವನ್ನು ನಿಜವಾಗಿ ಕಾಯುವುದು ಕೆಳಗಿನ ನಿಕ್ಕಲ್. ಅದಕ್ಕೇ ರೇಟ್ ಕೇಳುವ ಮೊದಲು ತಾಮ್ರ ಹಾಕ್ತೀರಾ, ನಿಕ್ಕಲ್ ಎಷ್ಟು ಮೈಕ್ರಾನ್ ಅಂತ ಕೇಳಿ. ಹೊರಗೆ ಓಡಾಡುವ ಬಂಪರ್‌ಗೆ 20ರಿಂದ 40 ಇದ್ದರೆ ಒಳ್ಳೆಯದು. ಈ ಪ್ರಶ್ನೆಗೆ ನಗುವ ಅಂಗಡಿಯಿಂದ ಸುಮ್ನೆ ಎದ್ದು ಬನ್ನಿ. ಇನ್ನು, ಕಿಟ್ ತರಿಸಿ ಮನೆಯಲ್ಲೇ ಕ್ರೋಮ್ ಮಾಡುವ ಹುಚ್ಚು ಬೇಡ, ಆ ಟ್ಯಾಂಕಿನಲ್ಲಿರುವ ಹೆಕ್ಸಾವೇಲೆಂಟ್ ಕ್ರೋಮಿಯಂ ವಿಷ.

ಈಗ ಹೇಗಿದೆ? ಎದುರಿನಿಂದ ನೋಡಿದರೆ ಇವತ್ತಿಗೂ ಆ ನೀಲಿ ಛಾಯೆಯ ಹೊಳಪು ಹಾಗೇ ಇದೆ. ಬಗ್ಗಿ ನೋಡಿದರೆ ಬೇರೆ ಕಥೆ. ಓವರ್‌ರೈಡರ್ (ಬಂಪರ್ ಮೇಲೆ ನೆಟ್ಟಗೆ ನಿಲ್ಲುವ, ಗುದ್ದು ತಡೆಯುವ ತುಂಡು) ಕೂರುವ ಜಾಗದಲ್ಲಿ, ಕೆಳ ಅಂಚಿನ ಮಡಿಕೆಯಲ್ಲಿ, ಸಾಸಿವೆಗಿಂತ ಸಣ್ಣ ಕಂದು ಚುಕ್ಕೆಗಳು. ಬಂಪರ್‌ನ ಹಿಂಭಾಗದ ಗುಳಿಗೆ ಪ್ಲೇಟಿಂಗ್ ಸರಿಯಾಗಿ ಹಿಡಿಯುವುದೇ ಇಲ್ಲ, ಕರೆಂಟ್ ಅಲ್ಲಿಗೆ ಕಡಿಮೆ ತಲುಪುತ್ತದೆ. ಅಲ್ಲಿ ಎಪಾಕ್ಸಿ ಪ್ರೈಮರ್, ಮೇಲೆ ಕಪ್ಪು ಪೇಂಟ್ ಹೊಡೆಸಿದ್ದೆ. ಪೇಂಟ್ ಉಳಿದ ಕಡೆ ತುಕ್ಕಿಲ್ಲ, ಬೋಲ್ಟ್ ಬಿಗಿಯುವಾಗ ಕೆರೆದ ಕಡೆಯಿಂದಲೇ ಶುರುವಾಗಿದೆ. ಚುಕ್ಕೆಗಳಿಗೆ ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ ಸಾಕು. ಉಂಡೆ ಮಾಡಿ ನೀರಲ್ಲಿ ಅದ್ದಿ ಮೆಲ್ಲಗೆ ಉಜ್ಜಿದರೆ ಕರಿ ಲೇಪ ಬರುತ್ತದೆ, ಒರೆಸಿ ವ್ಯಾಕ್ಸ್ ಹಚ್ಚಿ. ಫಾಯಿಲ್ ಕ್ರೋಮ್‌ಗಿಂತ ಮೆತ್ತಗೆ, ಗೀರು ಬೀಳಲ್ಲ. ಆದರೆ ಹೋದ ನಿಕ್ಕಲ್ ಇದರಿಂದ ವಾಪಸ್ ಬರಲ್ಲ.

ಹಿಂದಿನ ಸ್ಟೀಲ್ ಬಂಪರ್‌ಗೆ ಫಿಟಿಂಗ್ ವಿಷಯದಲ್ಲಿ ಪಾಸ್ ಮಾರ್ಕ್ಸ್ ಅಷ್ಟೇ. ತೂತುಗಳು ಸರಿ ಕೂರಲಿಲ್ಲ, ಮೆಕ್ಯಾನಿಕ್ ಅರದಿಂದ ಉಜ್ಜಿ ಉದ್ದ ಮಾಡಿದ. ತುದಿಯ ತಿರುವು ಬಾಡಿ ಗೆರೆಗೆ ಹೊಂದಲ್ಲ, ಎಡಗಡೆ ಬೆರಳು ತೂರುವಷ್ಟು ಸಂದು. ಬಣ್ಣವೂ ಮುಂದಿನದಕ್ಕಿಂತ ಬಿಳಿಚು. ಬೇರೆಯವರಿಗೆ ಗೊತ್ತಾಗಲ್ಲ, ಪದ್ಮಿನಿ ಇಟ್ಟವರಿಗೆ ದೂರದಿಂದಲೇ ಗೊತ್ತಾಗುತ್ತದೆ. ಆದರೆ ತುಕ್ಕು? ಮಳೆಗಾಲ ಮುಗಿದಾಗ ಚಹಾ ಕಲೆಯಂಥದ್ದು ಬರುತ್ತದೆ, ಸೋಪು ನೀರಿಗೆ ಹೋಗುತ್ತದೆ. ಅಷ್ಟೇ.

ಕೊಳ್ಳುವಾಗ ಮ್ಯಾಗ್ನೆಟ್ ಅಂಟಲ್ಲ ಅಂತ ತೋರಿಸಿ ಇದು 304, ಅಂದರೆ ಒಳ್ಳೇ ದರ್ಜೆಯ ಸ್ಟೇನ್‌ಲೆಸ್, ಅನ್ನುವವರನ್ನು ನಂಬಬೇಡಿ. ಅಗ್ಗದ 202 ದರ್ಜೆ ಕೂಡ ಮ್ಯಾಗ್ನೆಟ್‌ಗೆ ಅಂಟಲ್ಲ. ಒಳ್ಳೇ 304 ಕೂಡ ಬಗ್ಗಿಸಿದ ಕಡೆ ಸ್ವಲ್ಪ ಎಳೆಯಬಹುದು. ಅಂಕೋಲೆಯಲ್ಲಿ ರೇಲಿಂಗ್ ಕೆಲಸ ಮಾಡುವ ಪರಿಚಯದವರ ಹತ್ತಿರ ಟೆಸ್ಟಿಂಗ್ ಲಿಕ್ವಿಡ್ ಇತ್ತು, ಬಂಪರ್‌ನ ಹಿಂಬದಿಗೆ ಒಂದು ಹನಿ ಹಾಕಿ ಸಣ್ಣ ಬ್ಯಾಟರಿ ತಾಗಿಸಿದರು. 202 ಆಗಿದ್ದರೆ ಹನಿ ಕೆಂಪಾಗುತ್ತದೆ, ನಮ್ಮದು ಆಗಲಿಲ್ಲ.

ಇದೆಲ್ಲ ಕರಾವಳಿಯ ಲೆಕ್ಕ. ನನ್ನ ಜೊತೆಗೇ, ಅದೇ ಅಂಗಡಿಯಲ್ಲಿ, ಶಿರಸಿಯ ಭಾವ ತಮ್ಮ ಅಂಬಾಸಿಡರ್ ಬಂಪರ್ ಮಾಡಿಸಿದ್ದರು. ಅಲ್ಲೂ ಮಳೆ ಜೋರೇ, ಆದರೆ ಅವರ ಬಂಪರ್‌ನಲ್ಲಿ ಒಂದು ಚುಕ್ಕೆ ಇಲ್ಲ. ದೇವಿಮನೆ ಘಟ್ಟ ಹತ್ತಿದರೆ ಉಪ್ಪುಗಾಳಿ ಇಲ್ಲ, ಅಲ್ವಾ. ನಮಗೆ ಗಾಳಿ ಸಾಲದು ಅಂತ ಹೆದ್ದಾರಿ 66ರಲ್ಲಿ ಮೀನಿನ ಲಾರಿಗಳು ಬೇರೆ ಉಪ್ಪುನೀರು ಸುರಿಸುತ್ತಾ ಹೋಗುತ್ತವೆ. ಅಂಥ ಲಾರಿಯ ಹಿಂದೆ ಬಂದ ದಿನ ಮನೆಗೆ ಹೋದ ತಕ್ಷಣ ಬಂಪರ್ ಒಳಭಾಗಕ್ಕೆ ಪೈಪ್ ಹಿಡಿಯಿರಿ, ಮುಖಕ್ಕೆ ಆಮೇಲೆ.

ಮುಂಬೈನಿಂದ ಹಳೇ ಒರಿಜಿನಲ್ ತರಿಸಬಹುದಲ್ಲ ಅಂತ ಕೇಳುತ್ತಾರೆ. ಅಲ್ಲಿ ಪದ್ಮಿನಿ ಟ್ಯಾಕ್ಸಿಗಳ ಓಟ 2023ರ ಅಕ್ಟೋಬರ್‌ಗೆ ಮುಗಿಯಿತು, ಗುಜರಿಯಲ್ಲಿ ಬಂಪರ್ ಸಿಗಬಹುದು. ಆದರೆ ಅದೂ ಸಮುದ್ರದ ಊರೇ. ಮಾರುವವರು ಮುಂಭಾಗದ ಫೋಟೊ ಕಳಿಸುತ್ತಾರೆ, ನೀವು ಹಿಂಭಾಗದ್ದು ಕೇಳಿ.

ಬೋಲ್ಟ್‌ಗಳನ್ನು ಸ್ಟೇನ್‌ಲೆಸ್‌ಗೆ ಬದಲಾಯಿಸಿ ನೈಲಾನ್ ವಾಷರ್ ಹಾಕಿಸಿದ್ದೇನೆ, ಎರಡು ಬೇರೆ ಲೋಹ ಉಪ್ಪುನೀರಲ್ಲಿ ತಾಗಿಕೊಂಡಿದ್ದರೆ ತುಕ್ಕಿಗೆ ಹಬ್ಬ. ಮುಂದಿನ ಬಂಪರ್ ಪೂರ್ತಿ ಮತ್ತೆ ರೀಕ್ರೋಮ್ ಮಾಡಿಸಲ್ಲ, ಓವರ್‌ರೈಡರ್ ಮಾತ್ರ ಬದಲಿಸುವ ಯೋಚನೆ. ಯಾರ ಹತ್ತಿರವಾದರೂ ಪದ್ಮಿನಿಯ ಬಲಗಡೆಯ ಓವರ್‌ರೈಡರ್ ಇದ್ದರೆ ಹೇಳಿ, ಹಿಂಭಾಗದ ಫೋಟೊ ಸಮೇತ.